ವಕೀಲರ ಕಚೇರಿಗಳ ಸೇವೆ ಮಾರುಕಟ್ಟೆಯ ಅಂಗಳಕ್ಕೂ ಬರಲಿ

ವೃತ್ತಿನಿರತರ ಸಮಾಜಸೇವೆ ಎಂದೊಡನೆ ನಮ್ಮ ನೆನಪಿಗೆ ಬರುವುದು ರಕ್ತದಾನ ಶಿಬಿರ, ಶಾಲಾ ಮಕ್ಕಳಿಗೆ ನೋಟ್‌ಪುಸ್ತಕ ವಿತರಣೆ ಹಾಗೂ ಸಸಿ ನೆಡುವ ಕಾರ್ಯಕ್ರಮಗಳು. ವಕೀಲರ ಕಚೇರಿಗಳೂ ಇದಕ್ಕೆ ಹೊರತಲ್ಲ. ಇವೆಲ್ಲವೂ ಸ್ವಾಗತಾರ್ಹವೇ. ಆದರೆ ನೋಟ್‌ಪುಸ್ತಕವನ್ನು ಯಾರು ಬೇಕಾದರೂ ಹಂಚಬಹುದು. ಕಾನೂನಿನ ನೆರವನ್ನು ಸಮರ್ಥವಾಗಿ ನೀಡಬಲ್ಲವರು ವಕೀಲರು. ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗು ಬೆಳೆಗಾರರಿಗೆ ಹೆಚ್ಚು ಅಗತ್ಯವಾಗಿರುವುದು ಈ ಎರಡನೆಯ ಸೇವೆಯೇ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣವನ್ನು ಅಂಕಿಗಳಲ್ಲೇ ನೋಡಬಹುದು. 2023ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂ. ಬೆಂಬಲ ಬೆಲೆ ನಿಗದಿಪಡಿಸಿತ್ತು. ಅದೇ ವರ್ಷ ಮಾರುಕಟ್ಟೆಯ ಧಾರಣೆ 9,000 ರೂ.ಗಿಂತ ಕೆಳಕ್ಕೆ ಕುಸಿಯಿತು. ಖರೀದಿ ಕೇಂದ್ರದಲ್ಲಿ ಮಾರಲು ರೈತನ ಹೆಸರಿನಲ್ಲಿ ಪಹಣಿ ಇರಬೇಕು, ‘ಫ್ರೂಟ್ಸ್’ ನೋಂದಣಿ ಸಂಖ್ಯೆ ಇರಬೇಕು. ತೀರಿಕೊಂಡ ತಾತನ ಹೆಸರಿನಲ್ಲೇ ಖಾತೆ ಉಳಿದಿರುವ ತೋಟದವನು ಬಂದ ಬೆಲೆಗೆ ಮಾರದೆ ವಿಧಿಯಿಲ್ಲ. ಹತ್ತು ಕ್ವಿಂಟಲ್ ಕೊಬ್ಬರಿಗೆ ಅವನ ನಷ್ಟ 27,500 ರೂ.ಗೂ ಹೆಚ್ಚು. ಮರ ಅವನದೇ, ದುಡಿಮೆ ಅವನದೇ. ಇಲ್ಲದಿದ್ದುದು ಒಂದು ಕಾಗದ ಮಾತ್ರ.

2025ರಲ್ಲಿ ಧಾರಣೆ ಬೆಂಬಲ ಬೆಲೆಯ ಎರಡು ಪಟ್ಟನ್ನೂ ಮೀರಿತು. ಬೆಲೆ ಏರಿದಾಗ ಯಾರಿಗೂ ಕಾಗದಪತ್ರಗಳ ನೆನಪಾಗುವುದಿಲ್ಲ. ಆದರೆ ಕೊಬ್ಬರಿಯ ಧಾರಣೆ ಏರಿದಂತೆ ಇಳಿಯುವುದೂ ಉಂಟೆಂಬುದನ್ನು ವರ್ತಕ ಬಾಂಧವರಿಗೆ ಹೇಳಬೇಕಾಗಿಲ್ಲ. ದಾಖಲೆಗಳನ್ನು ಸರಿಪಡಿಸಿಕೊಳ್ಳಲು ಮುಂದಿನ ಕುಸಿತದವರೆಗೆ ಕಾಯುವುದು ಜಾಣತನವಲ್ಲ.

ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕು. ವಾರಸುದಾರರಲ್ಲಿ ತಕರಾರಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಹೆಣ್ಣುಮಕ್ಕಳನ್ನು ಬಿಟ್ಟು ಮಾಡಿಕೊಂಡ ಪಾಲುಪಟ್ಟಿ ಮುಂದೆ ದಾವೆಗೆ ದಾರಿಯಾಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಾನ ಹಕ್ಕಿದೆ. ತಂದೆ ಆ ದಿನಾಂಕಕ್ಕೆ ಜೀವಂತವಾಗಿರಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇದನ್ನು ಕುಟುಂಬಕ್ಕೆ ಮೊದಲೇ ತಿಳಿಹೇಳುವವರಿದ್ದರೆ ಎಷ್ಟೋ ದಾವೆಗಳು ಹುಟ್ಟುವುದೇ ಇಲ್ಲ.

ಇಂತಹ ನೆರವು ಕೇವಲ ಔದಾರ್ಯದ ವಿಷಯವಲ್ಲ. ಅಶಕ್ತರಿಗೆ ತನ್ನ ಆರ್ಥಿಕ ಮಿತಿಯೊಳಗೆ ಉಚಿತ ನೆರವು ನೀಡುವುದು ವಕೀಲನ ಉನ್ನತ ಹೊಣೆಗಳಲ್ಲೊಂದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಸಾರುತ್ತವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ 12ನೇ ಪ್ರಕರಣದಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮುಂತಾದವರು ವರಮಾನದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಹಕ್ಕು ಇದೆ, ಅದನ್ನು ತಲುಪುವ ದಾರಿಯ ಅರಿವು ಹಳ್ಳಿಗಳಲ್ಲಿ ಕಡಿಮೆ.

ಇದರಲ್ಲಿ ಮಂಡಿ ವರ್ತಕರಿಗೇನು ಲಾಭವೆಂದು ಕೇಳಬಹುದು. ಲಾಭ ಇದೆ. ಬೆಳೆಗಾರನಿಗೆ ಕೊಟ್ಟ ಮುಂಗಡ ಅವನ ತೋಟ ವ್ಯಾಜ್ಯದಲ್ಲಿ ಸಿಲುಕಿದಾಗ ಹಿಂದಿರುಗುವುದು ಕಷ್ಟ. ಹಣದ ತಕರಾರುಗಳನ್ನು ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ನ್ಯಾಯಾಲಯದಲ್ಲಿರುವ ಚೆಕ್ ಅಮಾನ್ಯ ಪ್ರಕರಣಗಳೂ ರಾಜಿಗೆ ಅರ್ಹ. ಅಲ್ಲಿನ ತೀರ್ಪು ಸಿವಿಲ್ ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲು ಇಲ್ಲ.

ಆದುದರಿಂದ ನನ್ನ ಸಲಹೆ ಹೀಗಿದೆ. ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಹರಾಜಿನ ದಿನ ಎರಡು ಗಂಟೆ ಕಾಲ ಉಚಿತ ಸಲಹಾ ಮೇಜೊಂದು ನಡೆಯಲಿ. ಆ ದಿನ ರೈತ ಹೇಗೂ ಊರಿಗೆ ಬಂದಿರುತ್ತಾನೆ. ವಕೀಲರ ಕಚೇರಿಗಳು ಸರದಿಯಂತೆ ಒಬ್ಬೊಬ್ಬರನ್ನು ಕಳುಹಿಸಲಿ. ನಮ್ಮ ಲೆಕ್ಕಪರಿಶೋಧಕರ ಕಚೇರಿಗಳು ಅರ್ಜಿ ತುಂಬಲು, ಬ್ಯಾಂಕಿನ ಕಾಗದ ಓದಿ ಹೇಳಲು ಜೊತೆಯಾಗಲಿ. ಕೊಠಡಿಯನ್ನು ವಾಣಿಜ್ಯ ಮಂಡಳಿ ಒದಗಿಸಲಿ. ನ್ಯಾಯಾಲಯದ ನೆರವು ಬೇಕಾದವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳುಹಿಸಲಿ.

ಮೂರು ನಿಯಮಗಳು ಅವಶ್ಯ. ಮೊದಲನೆಯದು, ಮೇಜಿನ ಮುಂದೆ ಯಾವ ಕಚೇರಿಯ ಫಲಕವೂ ಬೇಡ. ವಕೀಲರಿಗೆ ಜಾಹೀರಾತು ಹೇಗೂ ನಿಷಿದ್ಧ. ಎರಡನೆಯದು, ಅಲ್ಲಿಗೆ ಬಂದವರ ಅದೇ ಪ್ರಕರಣವನ್ನು ಶುಲ್ಕಕ್ಕೆ ವಹಿಸಿಕೊಳ್ಳಬಾರದು. ಮೂರನೆಯದು, ರೈತನ ದೂರು ತನ್ನ ಕಕ್ಷಿದಾರನಾದ ಮಂಡಿ ಮಾಲೀಕರ ಮೇಲೆಯೇ ಇದ್ದಲ್ಲಿ ಆ ವಕೀಲರು ಅದನ್ನು ತಿಳಿಸಿ ಬೇರೊಬ್ಬರಿಗೆ ಒಪ್ಪಿಸಬೇಕು. ಈ ಕೊನೆಯ ನಿಯಮ ಪಾಲನೆಯಾಗದಿದ್ದರೆ ರೈತ ಎರಡನೆಯ ಸಲ ಬರುವುದಿಲ್ಲ.

ಉಚಿತ ಸಲಹೆಯಿಂದ ಕಿರಿಯ ವಕೀಲರ ಸಂಪಾದನೆಗೆ ಕುಂದು ಬರುವುದೆಂಬ ಆಕ್ಷೇಪ ಸಹಜ. ಆದರೆ ಈ ಮೇಜಿಗೆ ಬರುವವರಲ್ಲಿ ಹೆಚ್ಚಿನವರು ಶುಲ್ಕದ ಭಯದಿಂದ ವಕೀಲರ ಮೆಟ್ಟಿಲನ್ನೇ ಹತ್ತದವರು. ಕಿರಿಯರಿಗೆ ಇಲ್ಲಿ ದೊರೆಯುವ ಅನುಭವವೂ ಕಡಿಮೆಯದಲ್ಲ.

ಅರ್ಹ ಸಂಸ್ಥೆಗೆ ಕೊಟ್ಟ ಹಣಕ್ಕೆ ಆದಾಯ ತೆರಿಗೆಯಲ್ಲಿ ಕಡಿತಕ್ಕೆ ಅವಕಾಶವಿದೆ. ಕೊಟ್ಟ ಸಮಯಕ್ಕೆ ಯಾವ ಕಡಿತವೂ ಇಲ್ಲ. ಆದರೂ ತೆಂಗಿನ ನಾಡಿಗೆ ಈಗ ಬೇಕಿರುವುದು ಆ ಸಮಯವೇ. ಪ್ರತಿವರ್ಷ ನವೆಂಬರ್ 9ರಂದು ಆಚರಿಸುವ ಕಾನೂನು ಸೇವಾ ದಿನದಂದು ಈ ಕಾರ್ಯಕ್ಕೆ ನಾಂದಿ ಹಾಡಲು ವಕೀಲರ ಸಂಘಗಳೊಡನೆ ಮಂಡಳಿಯು ಮಾತುಕತೆ ಆರಂಭಿಸಬೇಕೆಂದು ವಿನಂತಿಸುತ್ತೇನೆ.