ಕೊನೆಯ ಪಂಕ್ತಿ ಇಲ್ಲದ ಊಟ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಕೆಲಸ ಶುರು, ಮಧ್ಯಾಹ್ನ 1.30ಕ್ಕೆ ಮುಗಿತಾಯ. ಬಿಸಿಲು 40 ಡಿಗ್ರಿ ದಾಟುವ ನೆಲದಲ್ಲಿ ಇದು ನ್ಯಾಯವಾದ ಏರ್ಪಾಡು. ಆದರೆ ಅದೇ ಊರಿನ ಅಡುಗೆಮನೆಗಳ ವೇಳೆಯನ್ನು ಯಾರೂ ಬದಲಾಯಿಸಿಲ್ಲ. ಅಲ್ಲಿ ಕೆಲಸ ಹೆಚ್ಚುವುದೇ ಈ ಎರಡು ತಿಂಗಳಲ್ಲಿ. ಶಾಲೆಗೆ ರಜೆ, ಮೊಮ್ಮಕ್ಕಳು ಅಜ್ಜಿ ಮನೆಗೆ, ಅವರ ಹಿಂದೆಯೇ ಮಗಳು-ಅಳಿಯ, ಬೆಂಗಳೂರಿನಲ್ಲಿರುವ ಮಗನ ಸಂಸಾರ, ನಡುವೆ ಊರ ಜಾತ್ರೆ, ಒಂದೆರಡು ಮದುವೆ. ಮನೆ ತುಂಬಿದ ಸಂತೋಷಕ್ಕೆ ದಿನಕ್ಕೊಂದು ಸಿಹಿ, ಎರಡು ಪಲ್ಯ, ಒಂದು ಕರಿದದ್ದು ಆಗಲೇಬೇಕು. ಎಲ್ಲರ ರಜೆಯೂ ಒಬ್ಬಿಬ್ಬರ ಬೆವರಿನ ಮೇಲೆ ನಡೆಯುತ್ತದೆ.

ಬೇಸಿಗೆಯ ಕೂಟದ ಊಟ ಸರಳವಾಗಿರಬೇಕು ಎಂದು ನಾನು ವಾದಿಸುವುದು ಮುಖ್ಯವಾಗಿ ಇದೇ ಕಾರಣಕ್ಕೆ. ಖರ್ಚು, ಆರೋಗ್ಯ ಆಮೇಲಿನ ಮಾತು. ಅಡುಗೆ ಮಾಡಿದವರೂ ಉಳಿದವರ ಜೊತೆ, ಅದೇ ಪಂಕ್ತಿಯಲ್ಲಿ ಕೂತು ಉಣ್ಣುವಂತಿದ್ದರೆ ಆ ಊಟ ಸರಳ. ಬಡಿಸಿ ಬಡಿಸಿ ಸುಸ್ತಾಗಿ, ಮೂರು ಗಂಟೆಗೆ ಆರಿದ ಅನ್ನಕ್ಕೆ ತಳದ ಸಾರು ಕಲಸಿಕೊಳ್ಳುವ ಕೊನೆಯ ಪಂಕ್ತಿಯೊಂದು ಉಳಿದಿದ್ದರೆ, ಎಲೆಯ ಮೇಲೆ ಎರಡೇ ಬಗೆ ಇದ್ದರೂ ಅದು ಸರಳವಲ್ಲ.

ಹೀಗೆ ಅಳೆದರೆ ನಮ್ಮ ಎಷ್ಟೋ ಎಣಿಕೆಗಳು ತಲೆಕೆಳಗಾಗುತ್ತವೆ. ಕರಾವಳಿಯ ನೀರುದೋಸೆಗೆ ಬೇಕಾದದ್ದು ಅಕ್ಕಿ, ನೀರು, ಉಪ್ಪು. ಹಿಟ್ಟನ್ನು ಹುಳಿ ಬರಿಸುವ ಗೊಡವೆಯೂ ಇಲ್ಲ. ಆದರೆ ಇಪ್ಪತ್ತು ಜನ ಕೂತಾಗ ಅದನ್ನು ಒಂದೊಂದಾಗಿ ಹುಯ್ಯುತ್ತಾ ಕಾವಲಿಯ ಮುಂದೆ ನಿಲ್ಲುವವರು ಯಾರು? ಬಿಸಿಬಿಸಿ ಜೋಳದ ರೊಟ್ಟಿಯದ್ದೂ ಇದೇ ಕಥೆ. ಮೊದಲೇ ಬಡಿದಿಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಹಸಿ ಈರುಳ್ಳಿ ಇದ್ದರೆ ಆ ಮಧ್ಯಾಹ್ನ ಒಲೆಯನ್ನೇ ಹಚ್ಚಬೇಕಿಲ್ಲ. ಒಂದೆಲಗದ ಎಲೆಯನ್ನು ಹಸಿಯಾಗಿಯೇ ಕಾಯಿತುರಿ, ಜೀರಿಗೆ, ಮೆಣಸಿನ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಮಾವಿನಹಣ್ಣನ್ನು ಹಿಂಡಿ ಹಾಲು, ಬೆಲ್ಲ, ಏಲಕ್ಕಿ ಸೇರಿಸಿದರೆ ಸೀಕರಣೆ. ಇವಕ್ಕೆ ಮೊಸರನ್ನ, ಕೋಸಂಬರಿ, ಉಪ್ಪಿನಕಾಯಿ ಸೇರಿದರೆ ಎಲೆಯ ತುಂಬ ಐದು ಬಗೆ, ಆದರೆ ಬೆಂಕಿ ಕಂಡದ್ದು ಅನ್ನ ಮತ್ತು ಒಗ್ಗರಣೆ ಮಾತ್ರ. ಮಾಂಸದೂಟದ ಮನೆಯಲ್ಲೂ ಹಾಗೆಯೇ. ನಾಟಿಕೋಳಿ ಸಾರು, ಮುದ್ದೆ ಒಂದು ಪೂರ್ತಿ ಊಟ. ಅದರ ಜೊತೆಗೆ ಬಿರಿಯಾನಿ, ಕಬಾಬು, ಇನ್ನೊಂದು ಫ್ರೈ ಎಂದು ಸೇರಿಸುತ್ತಾ ಹೋದಾಗಲೇ ಅಡುಗೆಮನೆ ಕುಲುಮೆಯಾಗುವುದು.

ಇದೆಲ್ಲ ಹೊಸದಾಗಿ ಕಲಿಯಬೇಕಾದ ವಿದ್ಯೆಯೂ ಅಲ್ಲ. ರಾಮನವಮಿಯನ್ನು ನೋಡಿ. ಬಿಸಿಲು ಬಲಿಯುತ್ತಿರುವ ಚೈತ್ರದಲ್ಲಿ ಬರುವ ಈ ಹಬ್ಬದ ಪ್ರಸಾದ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ಬೆಲ್ಲ ಕರಗಿಸಬೇಕು, ಮಜ್ಜಿಗೆ ಕಡೆಯಬೇಕು, ಬೇಳೆ ನೆನೆಹಾಕಿ ಸೌತೆಕಾಯಿ ಹೆಚ್ಚಬೇಕು. ಬೇಯಿಸುವುದು ಏನೂ ಇಲ್ಲ. ಬೀದಿಗೆಲ್ಲ ಹಂಚಿದರೂ ಯಾರ ಬೆನ್ನೂ ಬೀಳುವುದಿಲ್ಲ, ಪಡೆದವರಿಗೂ ಕಡಿಮೆಯಾಯಿತು ಅನಿಸುವುದಿಲ್ಲ. ದೇವರಿಗೆ ಸಾಕಾದದ್ದು ಬೀಗರಿಗೆ ಏಕೆ ಸಾಲದು ಎಂದು ನಾನು ನಿಜವಾಗಿಯೂ ಕೇಳುತ್ತೇನೆ. ದುಂದಿನ ಮದುವೆಗೆ ಪ್ರತಿಯಾಗಿ ಕುವೆಂಪು ಮಂತ್ರಮಾಂಗಲ್ಯವನ್ನು ರೂಪಿಸಿಕೊಟ್ಟ ನಾಡು ಇದು. ಮದುವೆಯ ಆಡಂಬರದ ಬಗ್ಗೆ ಇಷ್ಟು ಯೋಚಿಸಿದವರು ಮನೆಯೊಳಗಿನ ರಜಾದಿನದ ಊಟದ ಬಗ್ಗೆ ಅಷ್ಟು ಯೋಚಿಸಲಿಲ್ಲ.

ಸೆಕೆಯಲ್ಲಿ ಹತ್ತು ಬಗೆ ಮಾಡಿಟ್ಟರೆ ಇನ್ನೊಂದು ತೊಂದರೆಯಿದೆ. ಬೇಯಿಸಿದ ಅಡುಗೆಯಲ್ಲಿ ಸೂಕ್ಷ್ಮಜೀವಿಗಳು ಬೇಗ ಬೆಳೆಯುವುದು 5ರಿಂದ 60 ಡಿಗ್ರಿಯ ನಡುವೆ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಅದನ್ನು ಹೊರಗೆ ಬಿಡಬಾರದು. ಬೇಸಿಗೆಯ ಮಧ್ಯಾಹ್ನಕ್ಕೆ ಆ ಅವಧಿಯೂ ಹೆಚ್ಚೇ. ಮೂರು ಪಂಕ್ತಿ ಮುಗಿಯುವ ತನಕ ಮೇಜಿನ ಮೇಲೆ ಕೂತ ಪಲ್ಯ, ಕಾಯಿ ಹಾಕಿದ ಹುಳಿ, ಪಾಯಸ ಸಂಜೆಗೆ ಹಳಸುತ್ತವೆ. ಪ್ರೀತಿಯಿಂದ ಮಾಡಿದ್ದನ್ನು ಚೆಲ್ಲಲು ಮನಸ್ಸು ಬಾರದೆ ಯಾರೋ ತಿನ್ನುತ್ತಾರೆ, ಅದೂ ಸಾಮಾನ್ಯವಾಗಿ ಮಾಡಿದವರೇ.

ಇದಕ್ಕೆ ಬರುವ ಆಕ್ಷೇಪಣೆಯನ್ನು ಹಗುರಾಗಿ ಕಾಣಲಾಗದು. ವರ್ಷಕ್ಕೊಮ್ಮೆ ಬರುವ ಮೊಮ್ಮಗುವಿಗೆ ಹೋಳಿಗೆ ತಟ್ಟಿಕೊಡುವ ಅಜ್ಜಿಯ ಕೈಯನ್ನು ತಡೆಯಲು ನಮಗೇನು ಹಕ್ಕು? ಬರಗಾಲ, ರೇಷನ್ನು ಕಂಡ ತಲೆಮಾರಿಗೆ ತುಂಬಿದ ಎಲೆ ಎಂಬುದು ಮರ್ಯಾದೆ, ಗೆದ್ದು ಬಂದ ಬದುಕಿನ ಗುರುತು. ಅದನ್ನು ಅಲ್ಲಗಳೆಯುವುದು ಕ್ರೌರ್ಯ. ಹೋಳಿಗೆ ಆಗಲಿ. ಒಂದು ದಿನ ಆಗಲಿ, ಅಂದು ಮೊಮ್ಮಕ್ಕಳೂ ಕಣಕ ನಾದಲಿ, ಅಳಿಯ ಕಾಯಿ ತುರಿಯಲಿ, ಆ ದಿನದ ಊಟ ಹೋಳಿಗೆ, ಕಟ್ಟಿನ ಸಾರು, ಅನ್ನಕ್ಕೆ ಮುಗಿಯಲಿ. ‘ಹಿಂದೆ ಇಪ್ಪತ್ತು ಮಂದಿಗೆ ದಿನವೂ ಮಾಡುತ್ತಿರಲಿಲ್ಲವೇ’ ಎನ್ನುವ ಮಾತನ್ನು ಮಾತ್ರ ನಾನು ಒಪ್ಪಲಾರೆ. ಹಿಂದೆ ಆ ಮನೆಯಲ್ಲಿ ಅತ್ತೆ, ಓರಗಿತ್ತಿಯರು, ನಾದಿನಿ ಎಂದು ಹಲವು ಕೈಗಳಿದ್ದವು. ಇಂದು ಅದೇ ಮನೆಯಲ್ಲಿ ಉಳಿದಿರುವುದು ಮಂಡಿನೋವಿನ ಒಬ್ಬ ಹಿರಿಯರು ಅಥವಾ ನೌಕರಿಗೂ ಹೋಗುವ ಒಬ್ಬ ಸೊಸೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮಾಡುವ ಗಂಡಸರು 97 ನಿಮಿಷ. ಮಾಡುವ ಗಂಡಸರಾದರೂ ನೂರಕ್ಕೆ 26ರಷ್ಟು ಮಾತ್ರ. ನೆಂಟರಿಲ್ಲದ ದಿನಗಳೂ ಸೇರಿದ ಲೆಕ್ಕ ಇದು.

ಹೋಟೆಲಿನಿಂದ ತರಿಸಿದರಾಯಿತಲ್ಲ ಎನ್ನುವವರೂ ಇದ್ದಾರೆ. ಒಂದೊಂದು ದಿನ ತರಿಸಲಿ, ತಪ್ಪೇನಿಲ್ಲ. ಆದರೆ ಮಕ್ಕಳು ಅಜ್ಜಿ ಮನೆಯಿಂದ ಅಪ್ಪೆಹುಳಿಯ ಹುಳಿಯನ್ನೋ ರಾಗಿ ಅಂಬಲಿಯ ತಂಪನ್ನೋ ನಾಲಿಗೆಯಲ್ಲಿ ಹೊತ್ತು ಹೋಗಬೇಕಾದರೆ ಅವು ಆ ಮನೆಯಲ್ಲಿ ಆಗಬೇಕು, ಮಕ್ಕಳ ಕಣ್ಣೆದುರೇ ಆಗಬೇಕು.

ಬದಲಾವಣೆ ಶುರುವಾಗಬೇಕಾದದ್ದು ಬರುವವರಿಂದ. ಆತಿಥ್ಯ ಮಾಡುವವರು ತಾವಾಗಿಯೇ ಒಂದು ಬಗೆ ಕಡಿಮೆ ಮಾಡಲಾರರು, ಮಾಡಿದರೆ ಜಿಪುಣತನವೆಂಬ ಹೆಸರು ಬಂದೀತೆಂಬ ಅಂಜಿಕೆ ಅವರಿಗೆ. ಬಸ್ಸು ಹತ್ತುವ ಮೊದಲೇ ಫೋನು ಮಾಡಿ, ‘ಅಮ್ಮಾ, ಮಧ್ಯಾಹ್ನಕ್ಕೆ ಅನ್ನ, ತಂಬುಳಿ ಸಾಕು. ಹಣ್ಣು ನಾವು ತರುತ್ತೇವೆ, ರಾತ್ರಿ ಅವಲಕ್ಕಿ ನಾನೇ ಕಲಸುತ್ತೇನೆ’ ಎಂದು ಮಗನೇ ಹೇಳಲಿ. ಹೇಳಿದ ಮೇಲೆ, ಬಂದ ದಿನವೇ ಚೀಲ ಕೆಳಗಿಟ್ಟು ಈರುಳ್ಳಿ ಹೆಚ್ಚಲು ಕೂರಲಿ.