ಪ್ರತಿ ಎಳೆಗೂ ಒಂದು ಕೊಕ್ಕೆ

ಮಕ್ತಲ್ ಕಡೆಯ ನಮ್ಮ ಮನೆಯಲ್ಲಿ ದಿನಬಳಕೆಗೆ ನಾರಾಯಣಪೇಟೆ ಸೀರೆ, ಹಬ್ಬಕ್ಕೆ ಗದ್ವಾಲ್. ಅವ್ವನ ಗದ್ವಾಲ್ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಹಾಗಂತ ಎರಡನ್ನೂ ಹೊಲಿದು ಕೂಡಿಸಿದ್ದಲ್ಲ. ಮಗ್ಗದ ಮೇಲೆ ಮೂರು ಲಾಳಿ ಓಡುತ್ತವೆ: ಒಡಲಿಗೊಂದು, ಎರಡು ಅಂಚಿಗೆ ಒಂದೊಂದು. ಒಡಲಿನ ಹೊಕ್ಕು ಗಡಿಗೆ ಬಂದು, ಅಂಚಿನ ಹೊಕ್ಕಿಗೆ ಕೊಕ್ಕೆ ಹಾಕಿಕೊಂಡು ಹಿಂದಿರುಗುತ್ತದೆ. ಪ್ರತಿ ಎಳೆಗೂ ಹೀಗೇ.

ಪ್ರೋಗ್ರಾಂ ಬರೆಯುವ ನಾವು ಮಾತ್ರ ವಾರವಿಡೀ ಬೇರೆ ಬೇರೆ ನೇಯ್ದು ಶುಕ್ರವಾರ ಸಂಜೆ ಕೂಡಿಸಲು ಕೂರುತ್ತಿದ್ದೆವು. ಒಮ್ಮೆ ಬಿಲ್ಲಿನ ಫೈಲಿನಲ್ಲಿ ರಿಯಾಯಿತಿ 10 ಎಂದಿದ್ದನ್ನು ನಾನು 12 ಮಾಡಿದ್ದೆ, ಜೊತೆಯವ 15 ಮಾಡಿದ್ದ. ಇಬ್ಬರ ತಿದ್ದುಪಡಿಗಳನ್ನು ಕೂಡಿಸುವ ತಂತ್ರಾಂಶ ಗಿಟ್ ಕೈಚೆಲ್ಲಿತು. ಪರದೆಯ ಮೇಲೆ ಏಳು ಬಾಣದ ಮೊನೆ, ನನ್ನ ಸಾಲುಗಳು, ಏಳು ಸಮಚಿಹ್ನೆ, ಅವನ ಸಾಲುಗಳು, ಮತ್ತೆ ಏಳು ಮೊನೆ. ಮನೆಗೆ ಹೋಗುವ ಅವಸರದಲ್ಲಿ ‘ನನ್ನದೇ ಇರಲಿ’ ಎಂದು ಒತ್ತಿಬಿಟ್ಟೆ. ರಿಯಾಯಿತಿಯ ಕೆಳಗಿನ ಸಾಲಿನಲ್ಲಿ ಅವನು ತಿದ್ದಿದ್ದ ಹಳೆಯ ತಪ್ಪೊಂದು ಮರಳಿ ಬಂದದ್ದು ಸೋಮವಾರ ಗೊತ್ತಾಯಿತು.

1980ರ ದಶಕದ ಇಂಥದೇ ತಂತ್ರಾಂಶ ಆರ್‌ಸಿಎಸ್‌ನಲ್ಲಿ ಈ ರಗಳೆ ಇರಲಿಲ್ಲ. ತಿದ್ದುವವನು ಫೈಲಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಅವನು ರಜೆ ಹಾಕಿದರೆ ಉಳಿದವರು ಕಾಯಬೇಕು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆದ ಗಿಟ್ ಎಲ್ಲರಿಗೂ ಒಂದೊಂದು ಪ್ರತಿ ಕೊಡುತ್ತದೆ. ಕೂಡಿಸುವಾಗ ಅದು ನೋಡುವುದು ಮೂರನ್ನು: ನನ್ನದು, ಜೊತೆಯವನದು, ಎರಡೂ ಕವಲೊಡೆದ ಮೂಲಪ್ರತಿ. ಓಲೆಗರಿಯ ಪಾಠಾಂತರ ಬಿಡಿಸುವ ಸಂಪಾದಕರೂ ಮೂಲವನ್ನೇ ಹುಡುಕುತ್ತಾರೆ. ಸೋಜಿಗವೆಂದರೆ ಗಿಟ್ ಆ ಮೂಲಸಾಲನ್ನು ತಾನಾಗಿ ತೋರಿಸುವುದಿಲ್ಲ. ಡಿಫ್3 ಶೈಲಿ ಬೇಕೆಂದು ನಾವೇ ಹೇಳಿಡಬೇಕು. ಆಗ ಯಾರು ಏನು ಬದಲಿಸಿದರೆಂದು ಕಾಣುತ್ತದೆ. ಯಾಕೆ ಬದಲಿಸಿದರು ಎಂಬುದನ್ನು ಎದ್ದು ಹೋಗಿ ಕೇಳಬೇಕು.

ನನಗೆ ಹೆದರಿಕೆ ಗಿಟ್ ಕೂಗುವ ಕಡೆಯಲ್ಲ, ಸುಮ್ಮನಿರುವ ಕಡೆ. ಜೊತೆಯವ ಒಂದು ಫೈಲಿನಲ್ಲಿ ಫಂಕ್ಷನ್ನಿನ ಹೆಸರು ಬದಲಿಸುತ್ತಾನೆ, ನಾನು ಇನ್ನೊಂದರಲ್ಲಿ ಹಳೆಯ ಹೆಸರನ್ನೇ ಕರೆಯುತ್ತೇನೆ. ಸಾಲುಗಳು ತಾಕುವುದಿಲ್ಲ, ಹಾಗಾಗಿ ತಕರಾರಿಲ್ಲದೆ ಕೂಡುತ್ತವೆ. ಪ್ರೋಗ್ರಾಂ ಮುಗ್ಗರಿಸುತ್ತದೆ.

ಈಗ ನಾವಿಬ್ಬರೂ ದಿನಕ್ಕೆರಡು ಸಲ ಕೂಡಿಸುತ್ತೇವೆ. ಮೊನ್ನೆ ಊರಿಗೆ ಹೋದಾಗ ಅವ್ವನ ಸೀರೆಯಲ್ಲಿ ಒಂದಿಂಚಿಗೆ ಎಷ್ಟು ಕೊಕ್ಕೆ ಎಂದು ಎಣಿಸಲು ಕೂತೆ. ನಲವತ್ತಕ್ಕೆ ಬರುವಷ್ಟರಲ್ಲಿ ಕಣ್ಣು ಸೋತಿತು.