ಹಿಟ್ಟಿನ ಕೈಗೆ ಮೊಬೈಲು ಕೊಟ್ಟರೆ...

ನಮ್ಮ ಕಡೆಯ ಇಬ್ಬರು ಹುಡುಗರು ಅಡುಗೆ ಕಲಿಸೋ ಮೊಬೈಲ್ ಆ್ಯಪ್ ಒಂದನ್ನ ಮಾಡಲು ಹೊರಟಿದ್ದಾರೆ. ಒಬ್ಬ ಸಿಂಧನೂರಿನವನು, ಇನ್ನೊಬ್ಬ ಲಿಂಗಸುಗೂರಿನವನು. ನಾನು ಮಸ್ಕಿ ಕಡೆಯವನು, ಅಂದ್ರೆ ದಾರಿಯ ಲೆಕ್ಕದಲ್ಲೂ ಇಬ್ಬರ ನಡುವೆ :) ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ ಅಂತ "ಅಣ್ಣಾ, ಒಮ್ಮೆ ನೋಡಿ ಹೇಳ್ರಿ" ಅಂತ ಪರದೆಗಳ ಚಿತ್ರ ಕಳಿಸಿದ್ದರು. ಚೆಂದ ಇದ್ದವು. ಹಸಿರು ಬಣ್ಣ, ದುಂಡನೆ ಬಟನ್ನುಗಳು. ಒಂದು ಪರದೆಯಲ್ಲಿ ಹೀಗಿತ್ತು: ಜೋಳದ ರೊಟ್ಟಿ, ಹಿಟ್ಟು 2 ಕಪ್, ನೀರು 1 ಕಪ್, ಸಮಯ 30 ನಿಮಿಷ. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದ್ದೀನಿ.

ಮೊದಲು ನಾನು ಕೇಳಿದ್ದು, ಇದು ಯಾರಿಗೆ ಅಂತ. "ಮನಿಯಾಗಿನ ಹೆಣ್ಮಕ್ಕಳಿಗಣ್ಣ" ಅಂದರು. ಅಲ್ಲೇ ನನ್ನ ತಕರಾರು. ಮೂವತ್ತು ವರ್ಷದಿಂದ ದಿನಾ ರೊಟ್ಟಿ ಬಡಿಯುವ ಅತ್ತೆಗೆ ನಿಮ್ಮ ಆ್ಯಪ್ ಯಾಕೆ ಬೇಕು? ಬೇಕಾಗಿರೋದು ಊರು ಬಿಟ್ಟವರಿಗೆ. ನಮ್ಮ ತಾಲೂಕುಗಳಿಂದ ಗುಳೆ ಹೋಗೋದು ಹೊಸದಲ್ಲ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದವರು, ಒಂದೇ ಖೋಲಿಯಲ್ಲಿ ನಾಲ್ಕು ಜನ ಇರೋ ಹುಡುಗರು, ಪರೀಕ್ಷೆಗೆ ಓದಲು ಧಾರವಾಡಕ್ಕೆ ಹೋದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಉಳಿದ ಹಿರಿಯರು. ಇವರಿಗೆ ಅಡುಗೆ ಬರೋದಿಲ್ಲ, ಆದರೆ ಹೊಟ್ಟೆ ಹಸಿಯುತ್ತದೆ. ಇವರನ್ನ ಕಣ್ಮುಂದೆ ಇಟ್ಕೊಂಡು ಮಾಡಿದ ಆ್ಯಪ್ಪೇ ಬೇರೆ, "ಹೆಣ್ಮಕ್ಕಳಿಗೆ" ಅಂತ ಮಾಡಿದ್ದೇ ಬೇರೆ.

ಈಗ ಆ 2 ಕಪ್ಪಿನ ಮಾತು. ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಇರುತ್ತದೆ, ತಣ್ಣೀರು ಹಾಕಿ ನಾದಿದರೂ ಹಿಡಿದು ನಿಲ್ಲುತ್ತದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ಎಸರು ಕುದಿಸಿ ಹಿಟ್ಟಿಗೆ ಹಾಕೋದು. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅರ್ಧ ಬೆಂದು ಅಂಟು ಬರುತ್ತದೆ. ನಮ್ಮವರು ಇದಕ್ಕೆ ಜಿಗಿ ಅಂತಾರೆ. ಹೊಸದಾಗಿ ಬೀಸಿಸಿದ ಹಿಟ್ಟಿಗೆ ಜಿಗಿ ಜಾಸ್ತಿ, ತಿಂಗಳುಗಟ್ಟಲೆ ಡಬ್ಬಿಯಲ್ಲಿ ಕೂತ ಹಿಟ್ಟಿಗೆ ಕಡಿಮೆ. ಹಿಂಗಾರಿ ಬಿಳಿಜೋಳದ ಹಿಟ್ಟೇ ಬೇರೆ, ಅಂಗಡಿಯ ಪಾಕೀಟಿನದೇ ಬೇರೆ. ಹೀಗಿರುವಾಗ ನೀರು 1 ಕಪ್ ಅಂತ ಬರೆದುಬಿಟ್ಟರೆ ಆಯ್ತಾ? ನಮ್ಮ ಕಡೆ ಎಷ್ಟು ನೀರು ಅಂತ ಯಾವ ಅವ್ವನನ್ನ ಕೇಳಿದರೂ ಬರೋ ಉತ್ತರ ಒಂದೇ: "ಹಿಡಿಸಿದಷ್ಟು ಹಾಕಪ." ಇದನ್ನ ಕೇಳಿ ನಗೋರಿದ್ದಾರೆ. ನನ್ನ ಪ್ರಕಾರ ಅದೇ ಸರಿಯಾದ ಅಳತೆ. ಆದರೆ ಹಿಡಿಸಿದಷ್ಟು ಅಂದರೆ ಎಷ್ಟು ಅಂತ ಗೊತ್ತಿಲ್ಲದವನಿಗೆ ತೋರಿಸೋದು ಹೇಗೆ? ಆ್ಯಪ್ಪಿನ ನಿಜವಾದ ಕೆಲಸ ಇರೋದು ಇಲ್ಲಿ.

ಸಿಂಧನೂರಿನ ಹುಡುಗನಿಗೆ ಅನ್ನದ ಉದಾಹರಣೆ ಕೊಟ್ಟೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಅವನ ಊರು ಸೋನಾ ಮಸೂರಿಯ ಊರು. ಹೊಸ ಅಕ್ಕಿಗೆ ನೀರು ಕಡಿಮೆ ಸಾಕು, ಹಳೇ ಅಕ್ಕಿಗೆ ಜಾಸ್ತಿ ಬೇಕು. ಇದು ಅವನ ಮನೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ಅವನ ಆ್ಯಪ್ಪು ಎಲ್ಲ ಅಕ್ಕಿಗೂ ಒಂದಕ್ಕೆ ಎರಡು ಅಂತ ಬರೆದಿತ್ತು! "ನಿಮ್ಮ ಅಕ್ಕಿ ಹೊಸದೋ ಹಳೇದೋ?" ಅಂತ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಬೇಳೆಗೂ ಹಾಗೇ. ಬೋರಿನ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯಲು ಹೊತ್ತು ಹಿಡಿಯುತ್ತದೆ. ಎರಡು ಸೀಟಿ ಅಂತ ನಂಬಿ ಕೂತವನು ಗಟ್ಟಿ ಬೇಳೆ ತಿನ್ನಬೇಕಾಗುತ್ತದೆ.

ಅದಕ್ಕೇ ನಾನು ಹೇಳಿದ್ದು, ನಿಮಿಷ ಕಡಿಮೆ ಮಾಡಿ, ಗುರುತು ಜಾಸ್ತಿ ಮಾಡಿ ಅಂತ. ರೊಟ್ಟಿ ಹಂಚಿಗೆ ಹಾಕಿದ ಮೇಲೆ ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರಲ್ಲ, ಆ ನೀರು ಆರಿದಾಗ ಮಗುಚಬೇಕು. ಇದನ್ನ ಒಂದು ನಿಮಿಷ ಅಂತ ಬರೆದರೆ ಕೆಟ್ಟಿತು, ಯಾಕಂದ್ರೆ ಒಲೆ ಬೇರೆ, ಹಂಚು ಬೇರೆ. "ಮೇಲಿನ ನೀರು ಆರಿತಾ?" ಅಂತ ಕೇಳಿ, ಪಕ್ಕದಲ್ಲಿ ಐದಾರು ಸೆಕೆಂಡಿನ ವಿಡಿಯೋ ಹಾಕಿದರೆ ಮುಗೀತು. ಹಿನ್ನೆಲೆ ಸಂಗೀತ ಬೇಡ ಮಾರಾಯ್ರೇ, ಒಗ್ಗರಣೆಯ ಚಟಪಟ ಕೇಳಬೇಕು.

ಇನ್ನೊಂದು ಬಟನ್ ಇರಲೇಬೇಕು: "ಕೆಟ್ಟೈತಿ, ಏನ್ ಮಾಡ್ಲಿ?" ನಾನು ನೋಡಿದ ಯಾವ ಅಡುಗೆ ಆ್ಯಪ್ಪಿನಲ್ಲೂ ಇದಿಲ್ಲ. ಬಡಿಯುವಾಗ ಅಂಚು ಒಡೀತಿದೆಯಾ? ಬಿಸಿನೀರು ಚಿಮುಕಿಸಿ ಮತ್ತೆ ನಾದು. ಕಲ್ಲಿಗೆ ಅಂಟುತ್ತಿದೆಯಾ? ಕೆಳಗೆ ಒಣಹಿಟ್ಟು ಉದುರಿಸು. ಪಲ್ಲೆಗೆ ಉಪ್ಪು ಜಾಸ್ತಿ ಆಯ್ತಾ? ಆಲೂಗಡ್ಡೆ ಹಾಕು. ಪಕ್ಕದಲ್ಲಿ ನಿಂತ ಅವ್ವ ಮಾಡೋದು ಇದನ್ನೇ. ಅಳತೆ ಹೇಳೋಕೆ ಪುಸ್ತಕ ಸಾಕು, ಕೆಟ್ಟಾಗ ಸರಿಮಾಡೋಕೆ ಯಾರಾದರೂ ಬೇಕು.

ಆಮೇಲೆ ಕೈಯ ವಿಷಯ. ಹಿಟ್ಟು ನಾದುವ ಎರಡೂ ಕೈ ಮೊಣಕೈ ತನಕ ಹಿಟ್ಟು. ಆಗ ಪರದೆ ಆರಿಹೋದರೆ? ಮೂಗಿನಿಂದ ಒತ್ತಬೇಕಾ? :) ಪರದೆ ಆರಬಾರದು, ಒಂದು ಸಲಕ್ಕೆ ಒಂದೇ ಹೆಜ್ಜೆ ದೊಡ್ಡ ಅಕ್ಷರದಲ್ಲಿ ಕಾಣಬೇಕು, ಮುಖ್ಯವಾಗಿ ಅದು ಮಾತಾಡಬೇಕು. ಗೂಗಲ್ ಕನ್ನಡದ ದನಿಯನ್ನ ಬರಹಕ್ಕೆ ಇಳಿಸೋ ಸೌಲಭ್ಯ ಕೊಟ್ಟು (2017) ಎಷ್ಟೋ ಕಾಲವಾಯ್ತು. ಇಲ್ಲಿ ಅಷ್ಟು ದೊಡ್ಡದೂ ಬೇಡ. ಮುಂದ, ಹಿಂದ, ಇನ್ನೊಮ್ಮೆ, ತಡಿ, ಈ ನಾಲ್ಕು ಮಾತು ತಿಳಿದರೆ ಸಾಕು. ನಾಲ್ಕು ಮಾತಿಗೆ ಇಂಟರ್ನೆಟ್ ಕೂಡ ಬೇಕಿಲ್ಲ, ಫೋನಿನೊಳಗೇ ಆಗುತ್ತದೆ. ರೂಮಿನ ನಾಲ್ವರಲ್ಲಿ ಒಬ್ಬನ ಡೇಟಾ ಮಾತ್ರ ಉಳಿದಿರೋ ದಿನವೂ ಆ್ಯಪ್ ಓಡಬೇಕಲ್ಲ!

ಅಡುಗೆಯನ್ನ ಕೇಳಿ ಕಲಿಯೋದು ನಮಗೆ ಹೊಸದೂ ಅಲ್ಲ. 1025ರ ಸುಮಾರಿಗೆ ಎರಡನೇ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಅಡುಗೆಗೇ ಒಂದು ಭಾಗ ಇದೆ. ಹದಿನಾರನೇ ಶತಮಾನದ ಮೂರನೇ ಮಂಗರಸನ ಸೂಪಶಾಸ್ತ್ರವಂತೂ ಇಡೀ ಅಡುಗೆ ಪುಸ್ತಕ, ಅದೂ ಷಟ್ಪದಿಯಲ್ಲಿ. ಪದ್ಯದಲ್ಲಿದ್ದರೆ ಬಾಯಿಗೆ ಬರುತ್ತದೆ, ಓಲೆಗರಿ ಕೈಯಲ್ಲಿ ಹಿಡಿದು ಒಲೆ ಮುಂದೆ ಕೂರಬೇಕಿಲ್ಲ. ಹಿಟ್ಟಿನ ಕೈಯ ಸಮಸ್ಯೆ ಆಗಲೂ ಇದ್ದಿರಬೇಕು ಅನ್ನೋದು ನನ್ನ ಊಹೆ.

ಕೊನೇದು, ಹೆಸರುಗಳು. ಮಂಡಾಳ ಅನ್ನಬೇಕೋ, ಮಂಡಕ್ಕಿ, ಚುರುಮುರಿ, ಕಡ್ಲೆಪುರಿ ಅನ್ನಬೇಕೋ? ಉಳ್ಳಾಗಡ್ಡಿಯೋ ಈರುಳ್ಳಿಯೋ? ಪುಟಾಣಿಯೋ ಹುರಿಗಡಲೆಯೋ? ಒಂದನ್ನ ಆರಿಸಿ ಉಳಿದವನ್ನ ಬಿಡಬೇಡಿ. ಯಾವ ಹೆಸರಿನಿಂದ ಹುಡುಕಿದರೂ ಸಿಗಲಿ, ಓದುವವನಿಗೆ ಅವನ ಮನೆಯ ಮಾತಿನಲ್ಲೇ ಕಾಣಲಿ. ಸಿಂಧನೂರಿನ ಸುತ್ತಲೇ ನೋಡಿ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿವೆ, ಪೂರ್ವ ಬಂಗಾಳದಿಂದ ಬಂದವರ ಕ್ಯಾಂಪುಗಳಿವೆ. ನಮ್ಮ ಪುಂಡಿಪಲ್ಲೆ ಅವರಿಗೆ ಗೋಂಗೂರ. ಬಂಗಾಳಿಯವರ ಮೀನಿನ ಸಾರು ಈಗ ಅದೇ ತಾಲೂಕಿನ ಅಡುಗೆ. "ಉತ್ತರ ಕರ್ನಾಟಕ ಸ್ಪೆಷಲ್" ಅನ್ನೋ ಒಂದೇ ಡಬ್ಬಿಯಲ್ಲಿ ಇವೆಲ್ಲ ಹಿಡಿಸೋದಿಲ್ಲ.

ಹಾಗೇ, ಯಾರಿಂದ ಕಲಿತಿರೋ ಅವರಿಗೆ ಅದರ ಪಾಲು ಸಿಗಲಿ. ಅವರು ಒಪ್ಪಿದರೆ ಹೆಸರು ಹಾಕಿ, ದನಿಯೂ ಅವರದೇ ಇರಲಿ. ಮುಂದೆ ಜಾಹೀರಾತಿನ ದುಡ್ಡು ಬಂದರೆ ಅವರನ್ನ ಮರೀಬೇಡಿ. ಜೀವನಪೂರ್ತಿ ಹೊಗೆ ಕುಡಿದು ಕಲಿತ ವಿದ್ಯೆಯನ್ನ "ಕಂಟೆಂಟ್" ಅಂತ ಪುಕ್ಕಟೆ ತುಂಬಿಕೊಳ್ಳೋದು ನನಗೆ ಸರಿ ಕಾಣೋದಿಲ್ಲ.

ಹುಡುಗರು ಎಲ್ಲ ಕೇಳಿಸಿಕೊಂಡು "ಭಾಳ ಕೆಲಸ ಆತಲ್ಲಣ್ಣ" ಅಂದರು. ಆತು, ಏನ್ ಮಾಡೋದು? ರೊಟ್ಟಿ ಒಂದರಿಂದಲೇ ಶುರು ಮಾಡ್ರಿ ಅಂದೆ. ಬೆಂಗಳೂರಿನ ಖೋಲಿಯಲ್ಲಿ ಒಬ್ಬ ಹುಡುಗ ಹೋಟೆಲಿಗೆ ದುಡ್ಡು ಸುರಿಯೋದು ಬಿಟ್ಟು ತಾನೇ ನಾಲ್ಕು ರೊಟ್ಟಿ ಬಡಿದುಕೊಂಡರೆ, ಸಾವಿರ ಅಡುಗೆ ತುಂಬಿಸಿದ್ದಕ್ಕಿಂತ ಅದು ದೊಡ್ಡದು.

ನೀವೇನಂತೀರಿ? ನಿಮ್ಮ ಮನೆಯಲ್ಲಿ "ಹಿಡಿಸಿದಷ್ಟು" ಅನ್ನೋದಕ್ಕೆ ಏನಂತಾರೆ? ಬರೀರಿ, ಹುಡುಗರಿಗೆ ತಲುಪಿಸ್ತೀನಿ.